ಬೋಲ್ಟಿನ ಮೇಲೊಂದು ಗುಲಾಬಿ ಗೆರೆ

"ಹೋದ ವಾರವೂ ಸಡಿಲ, ಅದರ ಹಿಂದಿನ ವಾರವೂ ಸಡಿಲ. ತಾನಾಗೇ ಬಿಚ್ಕೊಳ್ಳೋಕೆ ಈ ಬೋಲ್ಟಿಗೇನು ಕೈ ಇದೆಯಾ?"

ಅವಳ ಕೂಗಿಗೆ ಸರ್ವೀಸ್ ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೆಕ್ಯಾನಿಕ್ ಮಾತ್ರ ತಲೆ ಎತ್ತಲಿಲ್ಲ. ಅವಳ ಹೊಸ ಬೈಕಿನ ಸೀಟು ತೆಗೆದು ಬ್ಯಾಟರಿಯ ಬೋಲ್ಟ್ ಬಿಗಿ ಮಾಡಿದ. ಮೀಟರಿನಲ್ಲಿ ಹತ್ತಿಕೊಂಡಿದ್ದ ಎಂಜಿನ್ ದೀಪ, ಬ್ರೇಕ್ ದೀಪ ಎರಡೂ ಆರಿದವು.

"ಬ್ಯಾಟರಿ ಸಂಪರ್ಕ ತಪ್ಪಿದ್ರೆ ಹೀಗಾಗುತ್ತೆ ಮೇಡಂ..." ಎಂದವನು ಇನ್ನೇನೋ ಹೇಳಲು ಹೋಗಿ ನುಂಗಿಕೊಂಡ.

ಆ ನುಂಗಿಕೊಂಡ ಮಾತೇ ಅವಳ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಲ್ಯಾಬ್ ಕೆಲಸ ಅವಳದು. ಗಾಡಿ ಕೈಕೊಟ್ಟರೆ ಸ್ಯಾಂಪಲ್ಲೂ ಹಾಳು, ಮರ್ಯಾದೆಯೂ ಹಾಳು.

"ಮಗೂನ ಚಿವುಟಿ ತೊಟ್ಟಿಲು ತೂಗೋ ಗಿರಾಕಿ ಕಣೆ ಅವನು," ಎಂದಿದ್ದಳು ಅಕ್ಕ.

ಅಕ್ಕನ ಮಾತು ಸುಳ್ಳಾಗಲಿ ಎಂದು ಅವಳು ಎಷ್ಟು ಆಸೆಪಟ್ಟಿದ್ದಳೋ! ಮೊದಲ ದಿನ ಬಿಸಿಲಲ್ಲಿದ್ದ ಸ್ಯಾಂಪಲ್ ಡಬ್ಬಿಯನ್ನು ಯಾರೂ ಹೇಳದೆ ನೆರಳಿಗಿಟ್ಟವನು ಅವನು. ಅಂದೇ ಅವಳಿಗೆ ಅವನು ಇಷ್ಟವಾಗಿಬಿಟ್ಟಿದ್ದ. ಇಷ್ಟಪಟ್ಟವನೇ ಮೋಸಗಾರನಾದರೆ... ಅದಕ್ಕೇ ಕೋಪ ಇಷ್ಟು ಜೋರಾಗಿತ್ತು.

ಅವಳು ಮ್ಯಾನೇಜರಿಗೆ ದೂರು ಕೊಟ್ಟೇಬಿಟ್ಟಳು.

"ನಾಳೆ ಹತ್ತು ಗಂಟೆಗೆ ಗಾಡಿ ತನ್ನಿ. ಮತ್ತೆ ಸಡಿಲ ಆಗಿದ್ರೆ ಇವನು ಮನೆಗೆ ಹೋಗ್ತಾನೆ," ಎಂದರು ಮ್ಯಾನೇಜರ್.

ಅವಳು ಬ್ಯಾಗಿನಿಂದ ಗುಲಾಬಿ ನೇಲ್ ಪಾಲಿಶ್ ತೆಗೆದು, ಬೋಲ್ಟಿನಿಂದ ಅದರ ಕೆಳಗಿನ ತಗಡಿನವರೆಗೆ ಒಂದು ಗೆರೆ ಎಳೆದಳು. ಬೋಲ್ಟ್ ಒಂದು ಚೂರು ತಿರುಗಿದರೂ ಗೆರೆ ಮುರಿಯಬೇಕು. ಮೆಕ್ಯಾನಿಕ್ ಆ ಗೆರೆಯನ್ನೇ ನೋಡುತ್ತ ನಿಂತ. ಅವನ ಮುಖ ಬಿಳಿಚಿಕೊಂಡಿತು.

'ಕಳ್ಳನ ಮನಸ್ಸು ಹುಳ್ಳುಳ್ಳಗೆ...' ಎಂದುಕೊಂಡು ಅವಳು ನೇರವಾಗಿ ಮನೆಗೆ ಬಂದಳು.

ಬೆಳಗ್ಗೆ ಕೀ ತಿರುಗಿಸಿದಳು. ಎರಡೂ ದೀಪ ಹತ್ತಿದವು, ಆರಲಿಲ್ಲ. ಸೀಟು ತೆಗೆದು ನೋಡಿದರೆ ಗೆರೆ ಎರಡು ತುಂಡು.

ಆದರೆ ಗಾಡಿ ಮನೆಯ ಅಂಗಳ ಬಿಟ್ಟೇ ಇಲ್ಲವಲ್ಲ! ಹೊರಗಿನ ಕಳ್ಳನಿಗೆ ಬೀಸಿದ ಬಲೆಗೆ ಮನೆಯವರೇ ಬಿದ್ದಿದ್ದರು. ತಿರುಗಿದರೆ ಬಾಗಿಲಲ್ಲಿ ಅಪ್ಪ, ತಪ್ಪು ಮಾಡಿದ ಮಗುವಿನ ಹಾಗೆ.

"ನಾನೇ ಕಣಮ್ಮ. ಸಂಜೆ ಬ್ಯಾಟರಿ ಲೈನ್ ಬಿಚ್ತೀನಿ, ಬೆಳಗ್ಗೆ ಮತ್ತೆ ಕೊಡ್ತೀನಿ. ಶಾರ್ಟ್ ಆಗಿ ಗಾಡಿ ಹೊತ್ಕೊಂಡ್ರೆ ಅಂತ ನಿದ್ದೆ ಬರಲ್ಲ."

ನಲವತ್ತು ವರ್ಷ ವೈರ್‌ಮನ್ ಆಗಿದ್ದ ಜೀವ ಅದು.

"ಸರಿಯಾಗಿ ಬಿಗಿ ಮಾಡಬಾರದಾ ಅಪ್ಪ?"

ಅಪ್ಪ ತಮ್ಮ ಬೆರಳು ನೋಡಿಕೊಂಡರು. "ಬಿಗಿ ಮಾಡಿದ್ದೀನಿ ಅಂತಲೇ ಅಂದ್ಕೋತೀನಿ. ಈಗ ಕೈಲಿ ಬಲ ಇಲ್ಲ. ಎರಡನೇ ಸಲ ಗಾಡಿ ತರೋಕೆ ನಾನು ಹೋಗಿದ್ದೆನಲ್ಲ, ಆಗಲೇ ಆ ಹುಡುಗ ಕಂಡುಹಿಡಿದ. ಮಗಳಿಗೆ ಹೇಳಬೇಡಪ್ಪ, ನಾಚಿಕೆ ಆಗುತ್ತೆ ಅಂತ ಬೇಡಿಕೊಂಡೆ. ಇನ್ನು ಮುಟ್ಟಲ್ಲ ಅಂತ ಮಾತೂ ಕೊಟ್ಟಿದ್ದೆ..."

ಅವಳು ಅಪ್ಪನ ಕೈ ಹಿಡಿದುಕೊಂಡಳು. ಆಮೇಲೆ ಗಡಿಯಾರ ನೋಡಿದಳು. ಒಂಬತ್ತೂಮುಕ್ಕಾಲು!

ಸರ್ವೀಸ್ ಸೆಂಟರಿನಲ್ಲಿ ಎಲ್ಲರ ಮುಂದೆಯೇ ಹೇಳಿದಳು. "ತಪ್ಪು ನಮ್ಮ ಮನೇದು. ಇವರದ್ದೇನೂ ಇಲ್ಲ. ನನ್ನ ದೂರು ವಾಪಸ್ ಕೊಡಿ." ಮ್ಯಾನೇಜರ್ ಗೊಣಗುತ್ತ ಕಾಗದ ಕೊಟ್ಟರು. ಅವಳು ಅದನ್ನು ಅಲ್ಲೇ ಹರಿದು ಹಾಕಿದಳು.

ಮೆಕ್ಯಾನಿಕ್ ಜೊತೆ ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು.

"ಕೆಲಸ ಹೋಗ್ತಿತ್ತು. ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮಪ್ಪ ನಿಮ್ಮೆದುರು ತಲೆ ತಗ್ಗಿಸೋದು ನೋಡೋಕೆ ಮನಸ್ಸಾಗಲಿಲ್ಲ," ಎಂದ ಅವನು. ಕೈಗಂಟಿದ ಗ್ರೀಸ್ ಒರೆಸಿಕೊಳ್ಳುತ್ತ, "ನೀವು ಅನುಮಾನಪಟ್ಟಿದ್ದಕ್ಕೆ ಮಾತ್ರ ತುಂಬಾ ನೋವಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ನೋವಾಗ್ತಿರಲಿಲ್ಲ."

ಅವಳಿಗೆ ಅರ್ಥವಾಯಿತು. ಕೆನ್ನೆ ಬಿಸಿಯಾಯಿತು.

"ಇನ್ನು ಮುಂದೆ ಅನುಮಾನ ಬಂದ್ರೆ ನೇರವಾಗಿ ನಿಮ್ಮನ್ನೇ ಕೇಳ್ತೀನಿ."

"ನಾನು ಬಾಯಿಬಿಡದಿದ್ರೆ?"

"ಹೇಳೋವರೆಗೂ ಊಟ ಹಾಕಲ್ಲ."

ಅವನು ಅವಳತ್ತ ತಿರುಗಿದ. "ಊಟ... ಎಲ್ಲಿ?"

"ನಮ್ಮಿಬ್ಬರ ಮನೇಲಿ," ಎಂದಳು ಅವಳು.