ಗುಬ್ಬಿ ಕಾಣೆಯಾದಳು

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ ಅವಳ ಕೂಗಿಗೆ, ಮಹಡಿಯ ಆಂಟೆನಾ ಕಂಬದ ಬಳಿ ಕೂತಿದ್ದವನ ಕೈಯಿಂದ ಇಕ್ಕಳ ಜಾರಿಬಿತ್ತು. ಆದರೆ ತಡವಾಗಿತ್ತು. ಕೇಬಲ್ಲಿನ ಗಂಟು ಆಗಲೇ ತುಂಡಾಗಿತ್ತು.

ಅದು ಅಪ್ಪ ಕೈಯಾರೆ ನೂಲು ಸುತ್ತಿ, ಮೇಣ ಬಳಿದು ಮಾಡಿದ ಜೋಡಣೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಬೆರಳುಗಳ ಕೊನೆಯ ಕೆಲಸ.

"ಯಾರು ನೀವು?"

"ರೇಡಿಯೋ ರಿಪೇರಿಯವನು..." ಅವನು ಎದ್ದು ನಿಂತ. "ನಿಮ್ಮ ತಂದೆಯವರ ಸ್ನೇಹಿತ. ಎರಡು ವರ್ಷದಿಂದ ದಿನಾ ಸಂಜೆ ಕಂಪ್ಯೂಟರಿನಲ್ಲಿ ಬರೆದುಕೊಳ್ತಿದ್ವಿ, ಒಂದೇ ಊರಾದರೂ ಮುಖ ನೋಡಿರಲಿಲ್ಲ. ಮೂರು ತಿಂಗಳಿಂದ ಉತ್ತರವಿಲ್ಲ, ಮಳೆ ಶುರುವಾದ ಮೇಲೆ ಅವರ ರಿಸೀವರಿನಿಂದ ನನಗೂ ಬರ್ತಿದ್ದ ವಿಮಾನಗಳ ಸುದ್ದಿಯೂ ನಿಂತುಹೋಯ್ತು. ಹುಡುಕಿಕೊಂಡು ಬಂದೆ. ಬಾಗಿಲಲ್ಲಿ ಅಮ್ಮ ಹೇಳಿದ್ರು, ಅವರು ಹೋಗಿಬಿಟ್ರು ಅಂತ..."

ಏದುಸಿರು ಬಿಡುತ್ತ ಬಂದ ಅಮ್ಮ, "ನಾನೇ ಮೇಲೆ ಕಳಿಸಿದ್ದು ಕಣೇ. ಅವರ ಪೆಟ್ಟಿಗೆ ಇನ್ನೊಂದು ಸಲ ಮಾತಾಡಲಿ ಅಂತ" ಎಂದರು.

ಅವನು ಕತ್ತರಿಸಿದ ತುದಿಯನ್ನು ಅವಳ ಅಂಗೈಯಲ್ಲಿಟ್ಟ. ಒಳಗಿನ ತಾಮ್ರ ಹಸಿರುಗಟ್ಟಿತ್ತು.

"ನೀರು ಇಳಿದಿದೆ. ಪ್ರತಿ ಮಳೆಗೂ ಮುಂಚೆ ಹೊಸ ಮೇಣ ಹಚ್ತಿದ್ರು. ಈ ಸಲ ಹಚ್ಚೋರು ಇರಲಿಲ್ಲ."

ಅವಳು ಮುಷ್ಟಿ ಬಿಗಿದು ಕೆಳಗಿಳಿದುಹೋದಳು.

ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದಲ್ಲಿ ಅವಳು ನರ್ಸ್. ಮಗಳು ಎಲ್ಲಿ ಹಾರುತ್ತಿದ್ದಾಳೆಂದು ಮನೆಯಲ್ಲೇ ಕೂತು ನೋಡಲು ಅಪ್ಪ ಆ ರಿಸೀವರ್ ತಂದಿದ್ದರು. ವಿಮಾನಗಳು ತಾವಿರುವ ಜಾಗವನ್ನು ಸದಾ ಸಾರುತ್ತಿರುತ್ತವೆ. ಅದನ್ನು ಕೇಳಿಸಿಕೊಂಡು ಪೆಟ್ಟಿಗೆ ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ. ಅವಳು ಮನೆಯ ಕಡೆ ಹಾರಿಬರುತ್ತಿದ್ದ ಒಂದು ಸಂಜೆ ಅಪ್ಪ ಪರದೆ ನೋಡುತ್ತ, "ಗುಬ್ಬಿ ಕಾಣೆಯಾದಳು" ಎಂದರಂತೆ. ಎದ್ದವರು ಎದೆ ಹಿಡಿದು ಕುಸಿದರಂತೆ.

ಗುಬ್ಬಿ ಎಂದರೆ ಅವಳೇ.

'ನನ್ನ ವಿಮಾನ ಬಿತ್ತು ಅಂದುಕೊಂಡೇ ಅಪ್ಪ ಪ್ರಾಣ ಬಿಟ್ಟರು... ದೇವರೇ, ನಾನು ಹಾರದೇ ಇದ್ದಿದ್ದರೆ!'

ಇದನ್ನು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ವಿಮಾನದ ಮೆಟ್ಟಿಲು ಹತ್ತಿರಲಿಲ್ಲ.

ಅವನು ಹೊಸ ಕೇಬಲ್ ಹಾಕಿದ. ಮೇಣವನ್ನು ಮಾತ್ರ ಅಪ್ಪನ ಡಬ್ಬಿಯಿಂದಲೇ ತೆಗೆದುಕೊಂಡ. ಪರದೆಯ ಮೇಲೆ ಚುಕ್ಕೆಗಳು ಮೂಡಿದಾಗ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆಮೇಲೆ ಪರೀಕ್ಷಿಸುವ ನೆಪದಲ್ಲಿ ಅವನು ಸಂಜೆ ಸಂಜೆಗೂ ಬಂದ.

"ರಿಪೇರಿಯಾದ ಪೆಟ್ಟಿಗೆಗೆ ಇಷ್ಟೊಂದು ಆರೈಕೆಯೇ?" ಅವಳು ಕೆಣಕುತ್ತಿದ್ದಳು.

"ನರ್ಸ್ ಆಗಿ ನೀವು ಈ ಮಾತು ಹೇಳಬಹುದಾ?"

ಅಪ್ಪ ಹೋದ ಮೇಲೆ ಮೊದಲ ಬಾರಿ ಅವಳು ನಕ್ಕಳು. ಅಮ್ಮ ನೋಡಿಯೂ ನೋಡದಂತೆ ಒಳಗೆ ಹೋದರು.

ಆದರೆ ಒಂದು ಸಂಜೆ...

ಪುಟ್ಟ ವಿಮಾನವೊಂದು ಊರಿನ ಕಡೆ ಬರುತ್ತಿತ್ತು. ಅವಳು ಚುಕ್ಕೆಯನ್ನೇ ನೋಡುತ್ತಿದ್ದಳು. ಊರಂಚಿನ ಸೇತುವೆ ದಾಟಿದ್ದೇ, ಚುಕ್ಕೆ ಇಲ್ಲ!

"ಬಿತ್ತು!" ಅವಳು ಚೀರಿದಳು.

"ಇಲ್ಲ! ಹೆದರಬೇಡಿ. ಈ ಪೆಟ್ಟಿಗೆಯ ಕಿವಿಯನ್ನ ತೀರಾ ಚುರುಕು ಮಾಡಿಟ್ಟಿದ್ದಾರೆ. ಕಿವಿಗೇ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತಾ? ಹಾಗೆ ತುಂಬಾ ಹತ್ತಿರ ಬಂದ ವಿಮಾನ ಇದಕ್ಕೆ ತಿಳಿಯೋಲ್ಲ. ತಗ್ಗಿಸಿ ಅಂತ ನಿಮ್ಮ ತಂದೆಗೆ ಹತ್ತು ಸಲ ಹೇಳಿದ್ದೆ..."

ಅವಳ ಮುಖ ಬಿಳಿಚಿತು.

"ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಬಂದು ಸರಿಮಾಡದೆ ಸುಮ್ಮನಿದ್ರಾ? ಇದನ್ನೇ ನೋಡಿ ಅಪ್ಪ ಸತ್ತರು!"

"ಕೇಳಿ, ಅವರಿಗೂ..."

"ಏನೂ ಹೇಳಬೇಡಿ! ಹೋಗಿ!"

ಅವನು ಇಕ್ಕಳ, ನೂಲುಂಡೆ ಚೀಲಕ್ಕೆ ಹಾಕಿಕೊಂಡ. ಬಾಗಿಲಲ್ಲಿ ಒಮ್ಮೆ ತಿರುಗಿದ. ಹೊರಟುಹೋದ.

ಎರಡು ವಾರ ಅವನು ಬರಲಿಲ್ಲ. ಕೊನೆಗೆ ಅಮ್ಮನೇ ಬಾಯಿಬಿಟ್ಟರು.

"ಆವತ್ತು ಅವನು ಏನೋ ಹೇಳೋಕೆ ಬಂದ. ಪೂರ್ತಿ ಕೇಳಿದ್ಯಾ?"

ಅಂದು ಮಧ್ಯಾಹ್ನವೇ ಅವಳು, ಇಷ್ಟು ದಿನ ಮುಟ್ಟಲು ಧೈರ್ಯ ಸಾಲದಿದ್ದ ಅಪ್ಪನ ಪತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಳು.

"ಪೆಟ್ಟಿಗೆಯ ಕಿವಿಯ ಚುರುಕು ತಗ್ಗಿಸಿ ಸರ್, ಹತ್ತಿರದ ವಿಮಾನಗಳು ಕಳೆದುಹೋಗ್ತಿವೆ" ಎಂದು ಅವನು ಬರೆದಿದ್ದ.

ಅಪ್ಪನ ಉತ್ತರ: "ತಗ್ಗಿಸಿದರೆ ದೂರದಲ್ಲಿ ನನ್ನ ಗುಬ್ಬಿ ಕಾಣಳಪ್ಪ. ದೂರ ಇದ್ದಾಗಲೇ ಅಲ್ಲವೇ ಕಾಣಬೇಕಾದ್ದು? ಸೇತುವೆ ಹತ್ತಿರ ಅವಳು ಕಾಣೆಯಾದರೆ ನನಗೆ ನೆಮ್ಮದಿ. ಮನೆಗೆ ಬಂದಳು ಅಂತ ಅರ್ಥ."

ಅವಳು ಓದುತ್ತ ಓದುತ್ತ ಕೊನೆಯ ದಿನದ ಕೊನೆಯ ಸಾಲಿಗೆ ಬಂದಳು.

"ಗುಬ್ಬಿ ಕಾಣೆಯಾದಳು. ಹಾಲು ಕಾಯಿಸೋಕೆ ಹೇಳಿ ಬರ್ತೀನಿ."

"ಅಮ್ಮಾ..! ನಾನು ಇಳಿಯೋ ಹೊತ್ತಿಗೆ ಅಪ್ಪ ಹಾಲು ಕಾಯಿಸೋಕೆ ಹೇಳ್ತಿದ್ರಾ?"

"ದಿನಾ ಹೇಳೋರು. ಹೇಗೆ ಗೊತ್ತಾಗುತ್ತೆ ಅಂದ್ರೆ, ನಿನಗೆ ತಿಳಿಯಲ್ಲ ಬಿಡೇ ಅನ್ನೋರು." ಅಮ್ಮ ತಡೆದರು. "ಆವತ್ತೂ ಅಡುಗೆಮನೆ ಕಡೆಗೇ ಹೊರಟಿದ್ರು..."

ಭಯದಿಂದ ಎದ್ದದ್ದಲ್ಲ. ಮಗಳು ಬಂದಳೆಂಬ ಸಂತೋಷದಿಂದ ಎದ್ದದ್ದು. ತಾಯಿ ಮಗಳು ಬಹಳ ಹೊತ್ತು ತಬ್ಬಿಕೊಂಡು ಅತ್ತರು. ಎದೆಯ ಮೇಲಿನ ಕಲ್ಲನ್ನು ದೇವರೇ ಎತ್ತಿಟ್ಟಂತಾಯಿತು.

ಮರುದಿನ ಅವಳು ಅವನ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದಳು. ಬಿಚ್ಚಿದ ರೇಡಿಯೋಗಳ ನಡುವಿನಿಂದ ಅವನು ತಲೆಯೆತ್ತಿದ.

"ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ," ಎಂದಳು. "ನೀವಾದರೂ ಯಾಕೆ ಮತ್ತೆ ಬಂದು ಹೇಳಲಿಲ್ಲ?"

"ನಿಮ್ಮ ದುಃಖದ ಎದುರು ನನ್ನದೇ ಸರಿ ಅಂತ ವಾದಿಸೋಕೆ ಮನಸ್ಸು ಬರಲಿಲ್ಲ... ಎರಡು ವರ್ಷ ಅವರ ಬರಹದಲ್ಲಿ ನಿಮ್ಮನ್ನ ಓದಿದ್ದೆ. ಯಾವ ಊರಿನ ಮೇಲಿದ್ದೀರಿ, ಯಾವಾಗ ಇಳೀತೀರಿ... ನೋಡೋ ಮುಂಚೆಯೇ ನಿಮಗಾಗಿ ಕಾಯೋದು ಅಭ್ಯಾಸವಾಗಿಹೋಗಿತ್ತು."

ಅವಳ ಕಣ್ಣು ತುಂಬಿತು.

"ಸೋಮವಾರದಿಂದ ಮತ್ತೆ ಹಾರ್ತೀನಿ. ಅಪ್ಪನ ಪೆಟ್ಟಿಗೆ ಹೇಗಿದೆಯೋ ಹಾಗೇ ಇರಲಿ."

"ಇರಲಿ. ನನ್ನ ಅಂಗಡಿಯಲ್ಲೂ ಇಂಥದೇ ಪೆಟ್ಟಿಗೆಯಿದೆ, ಅದರ ಕಿವಿ ತಗ್ಗಿಸ್ತೀನಿ. ಸೇತುವೆ ದಾಟಿದ ಮೇಲೂ ನೀವು ನನಗೆ ಕಾಣಬೇಕು."

"ನೆಲಕ್ಕೆ ಇಳಿದ ಮೇಲೆ?"

"ಆಗ ಪೆಟ್ಟಿಗೆ ಯಾಕೆ? ನಾನೇ ವಿಮಾನ ನಿಲ್ದಾಣದ ಗೇಟಿನಲ್ಲಿ ನಿಂತಿರ್ತೀನಿ."

ಅವಳು ಅವನ ಕೈ ಹಿಡಿದಳು. ಬೆರಳುಗಳಿಗೆ ಇನ್ನೂ ಮೇಣದ ವಾಸನೆಯಿತ್ತು.

"ಹಾಗಾದರೆ ಅಮ್ಮನಿಗೆ ಹೇಳಿಡ್ತೀನಿ," ಎಂದಳು, ಮೆಲ್ಲಗೆ. "ಎರಡು ಲೋಟ ಹಾಲು ಕಾಯಿಸೋಕೆ."