ಹದಿನೇಳನೆಯವನ ಊಟ

ಬಾಗಿಲು ತಟ್ಟುವ ಸೌಜನ್ಯವೆಲ್ಲ ಆ ಮಧ್ಯಾಹ್ನ ಅವಳಿಗೆ ಮರೆತೇಹೋಗಿತ್ತು. ನೇರ ಒಳಗೆ ನುಗ್ಗಿ, ವರದಿಯನ್ನು ಅವನ ಕೀಬೋರ್ಡಿನ ಮೇಲೆ ಕುಕ್ಕಿದಳು.

"ಮೂವತ್ತು ಜನ ಇದ್ರಲ್ಲ, ಇಪ್ಪತ್ತೊಂಬತ್ತು ಹೇಗಾದ್ರು?"

ಅವನು ಸಂಸ್ಥೆಯ ಅಂಕಿಅಂಶದವನು. ಮೂರನೆಯ ದಶಮಾಂಶಕ್ಕೂ ಜಗಳ ಕಾಯುತ್ತಾನೆಂದು ಎಲ್ಲರೂ ಅವನನ್ನು ದಶಮಾಂಶ ಎಂದೇ ಕರೆಯುತ್ತಿದ್ದರು. ಅಂಥವನು ಈಗ ವರದಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಅವಳು ಆಹಾರ ಸಂಶೋಧಕಿ. ಜನ ದಿನನಿತ್ಯ ಏನು ತಿನ್ನುತ್ತಾರೆಂದು ತಿಳಿಯಲು ನೂರಿಪ್ಪತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಮೂರು ವರ್ಷ ತಿದ್ದಿ ತೀಡಿ ಮಾಡಿದ್ದಳು. ಪಟ್ಟಿಯ ಮಾತು ನಿಜವೇ ಎಂದು ನೋಡಬೇಕಲ್ಲ? ಮೂವತ್ತು ಜನರಿಂದ ಅದನ್ನು ತುಂಬಿಸಿ, ಆಮೇಲೆ ಒಂದು ವಾರ ಅವರು ತಿಂದದ್ದನ್ನೆಲ್ಲ ತೂಕ ಮಾಡಿ ಬರೆಸಿದ್ದಳು. ಎರಡೂ ತಾಳೆಯಾಗಬೇಕು. ಹೊಂದಾಣಿಕೆ ಅರ್ಧಕ್ಕಿಂತ ಕೆಳಗಿಳಿದರೆ ಸಮಿತಿ ಪಟ್ಟಿಯನ್ನು ತಿರಸ್ಕರಿಸುತ್ತದೆ. ಸಂಜೆ ಐದಕ್ಕೆ ವರದಿ ಹೋಗಬೇಕಿತ್ತು.

"ಹದಿನೇಳನೇ ನಂಬರ್ ತೆಗೆದಿದ್ದೀರಿ. ಅದು ನೀವೇ. ನನ್ನ ಕೇಳದೆ ನಿಮ್ಮನ್ನ ನೀವೇ ತೆಗೆದು ಹಾಕಿದ್ದೀರಿ."

"ನನ್ನನ್ನ ಸೇರಿಸಿದ್ರೆ ಹೊಂದಾಣಿಕೆ ಸೊನ್ನೆ ಪಾಯಿಂಟ್ ನಾಲ್ಕು ಮೂರು. ತೆಗೆದ್ರೆ ಐದು ಎರಡು," ಅಂದ ಮೆಲ್ಲಗೆ.

"ಯಾರಿಗೆ ಬೇಕಿತ್ತು ನಿಮ್ಮ ಉಪಕಾರ? ನಾಳೆ ಗೊತ್ತಾದ್ರೆ ಕಳ್ಳಿ ಅನ್ನೋದು ನನ್ನನ್ನ!"

"ನಿಮ್ಮ ಪಟ್ಟಿ ಸರಿಯಾಗೇ ಇದೆ. ತಪ್ಪು ನನ್ನದು."

ಅವಳು ಕಡತ ಬಿಚ್ಚಿದಳು. ಪಟ್ಟಿಯಲ್ಲಿ ಅವನು ಬರೆದದ್ದು: ಮಧ್ಯಾಹ್ನದ ಊಟ, ವಾರಕ್ಕೊಮ್ಮೆ. ಹಣ್ಣು, ಇಲ್ಲ. ತರಕಾರಿ, ಅಪರೂಪ. ತೂಕದ ವಾರದಲ್ಲಿ ನೋಡಿದರೆ ಏಳು ದಿನವೂ ಹೊಟ್ಟೆ ತುಂಬ ಊಟ, ದಿನಕ್ಕೆರಡು ಹಣ್ಣು, ರಾತ್ರಿ ಬೇಯಿಸಿದ ತರಕಾರಿ. ಅವಳ ಮೈ ಉರಿದುಹೋಯಿತು.

"ಯಾವುದು ಸುಳ್ಳು? ಇದಾ, ಅದಾ?"

"ಎರಡೂ ನಿಜ."

"ನನ್ನ ಮೂರು ವರ್ಷ ನಿನಗೆ ತಮಾಷೆಯಾ?" ಬಹುವಚನ ಸಿಟ್ಟಿನಲ್ಲಿ ಕೊಚ್ಚಿಹೋಗಿತ್ತು.

ಆ 'ನಿನಗೆ' ಕೇಳಿ ಅವನ ಕಿವಿ ಕೆಂಪಾಯಿತು. ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಕೋಪಕ್ಕೆ ಅವಳ ಮೂಗಿನ ತುದಿ ಅದುರುತ್ತಿತ್ತು, ಹಣೆಯ ಕೂದಲು ಕಣ್ಣಿಗೆ ಬಿದ್ದಿತ್ತು. ಅದನ್ನು ಸರಿಸಬೇಕೆಂಬ ಆಸೆಯಾಗಿ ತನ್ನ ಕೈಯನ್ನು ಮೇಜಿನ ಕೆಳಗೆ ಬಿಗಿಹಿಡಿದ. ಪ್ರೀತಿ ಹೇಳಲು ಬಾಯಿ ಬಾರದ ಗಂಡಸರು ಮಾಡುವ ಅನಾಹುತ ಒಂದೆರಡಲ್ಲ.

"ಅಡುಗೆ ಮಾಡ್ತಿದ್ದ ಅಕ್ಕ ಮದುವೆಯಾಗಿ ಹೋದ್ಮೇಲೆ ನಾನು ಸಿಂಕಿನ ಹತ್ತಿರ ನಿಂತು ಎರಡು ಬಿಸ್ಕತ್ತು ತಿನ್ನೋನು. ಪಟ್ಟಿಯಲ್ಲಿ ಅದನ್ನೇ ಬರೆದೆ. ಆ ವಾರ ನೀವು ದಿನಾ ಒಂದು ಗಂಟೆಗೆ ತಕ್ಕಡಿ ಹಿಡ್ಕೊಂಡು ಬಂದ್ರಿ. ತಟ್ಟೆ ತೂಗೋವಾಗ ಎದುರಿಗೆ ಕೂತ್ಕೋತಿದ್ರಿ. ಊಟ ಬೇಗ ಮುಗಿದ್ರೆ ಎದ್ದು ಹೋಗ್ತೀರಿ ಅಂತ ಇನ್ನಷ್ಟು ಬಡಿಸಿಕೊಂಡೆ."

"ರಾತ್ರಿ? ಆಗ ನಾನಿರಲಿಲ್ಲವಲ್ಲ!"

"ಬರೆದದ್ದನ್ನ ಬೆಳಿಗ್ಗೆ ನೀವು ಓದ್ತಿದ್ರಿ."

ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಆ ಏಳು ಮಧ್ಯಾಹ್ನ ಗಡಿಯಾರ ಒಂದಾಗುವುದನ್ನು ತಾನೂ ಕಾದಿದ್ದಳು. ತೂಗಿ ಮುಗಿದ ತಟ್ಟೆಯನ್ನು ಸುಮ್ಮನೆ ಎರಡನೇ ಸಲ ತೂಗಿದ್ದಳು. ಅದನ್ನು ಸತ್ತರೂ ಇವನಿಗೆ ಹೇಳಬಾರದು ಅಂದುಕೊಂಡಳು.

"ಬಾಯಿ ಇರಲಿಲ್ವಾ ನಿನಗೆ? ಹೇಳೋದು ಬಿಟ್ಟು ತಿಂದು ತೋರಿಸ್ತಾರಾ ಯಾರಾದ್ರೂ?"

"ಹೇಳೋ ಧೈರ್ಯ ಇರಲಿಲ್ಲ. ಈಗ ಹೇಳ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು, ಹದಿನೇಳನ್ನು ತಾನೇ ಮತ್ತೆ ಸೇರಿಸಿದಳು. ಪರದೆಯ ಮೇಲೆ ನಾಲ್ಕು ಮೂರು ಬಂತು. ಷರಾದಲ್ಲಿ ಬರೆದಳು: ಅಳತೆಯ ವಾರದಲ್ಲಿ, ಅಳೆಯುವವಳ ಕಾರಣದಿಂದ, ಈತನ ಊಟ ಬದಲಾಯಿತು. ಸಹಿ ಹಾಕಿ ಕಳಿಸಿಬಿಟ್ಟಳು.

"ಸಮಿತಿ ಒಪ್ಪಲ್ಲ," ಅಂದ ಅವನು, ಮುಖ ಸಪ್ಪಗೆ ಮಾಡಿಕೊಂಡು.

"ಗೊತ್ತು. ಮೊದಲಿಂದ ಮಾಡ್ತೀನಿ, ಹೊಸ ಮೂವತ್ತು ಜನ ಹುಡುಕ್ತೀನಿ. ನೀನು ಮಾತ್ರ ಅದರಲ್ಲಿರಲ್ಲ. ನಿನ್ನನ್ನ ನಾನು ಯಾವತ್ತೂ ಕ್ಷಮಿಸಲ್ಲ."

"ಯಾವತ್ತೂ?"

"ಹೂಂ. ದಿನಾ ಒಂದು ಗಂಟೆಗೆ, ಎದುರಿಗೇ ಕೂತು ಬೈತೀನಿ."