ಕೈಗವಸಿನ ಮೇಲೊಂದು ಸಾಬೂನಿನ ಗುಳ್ಳೆ

"ನಿಮ್ಮ ಗಾಜು ಸೋರ್ತಿದೆ."

ಫ್ಲಾಸ್ಕನ್ನು ಅವನ ಮೇಜಿನ ಮೇಲಿಟ್ಟು ಅವಳು ಆಡಿದ ಮೊದಲ ಮಾತೇ ಇದು. ಪರಿಚಯವಿಲ್ಲ, ಪೀಠಿಕೆಯಿಲ್ಲ.

ಅವನು ಆ ಸಂಶೋಧನಾಲಯಕ್ಕೆ ಗಾಜು ಊದುವ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಉರಿ ಆರಿಸಿ, ಕಪ್ಪು ಕನ್ನಡಕ ತೆಗೆದು ಅವಳನ್ನು ನೋಡಿದ.

"ಮೊದಲು ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ನಿಮಗಿಂತ ಮುಂಚೆ ಇದ್ದ ಗಾಜಿನ ಮೇಷ್ಟ್ರು ಮಾಡಿದ ಫ್ಲಾಸ್ಕಲ್ಲಿ ಸರಿಯಾಗಿ ಬಂದಿತ್ತು. ನೀವು ಬಂದ್ಮೇಲೆ ಎಲ್ಲ ಕೆಟ್ಟಿದೆ."

ಲ್ಯಾಬಿನಲ್ಲಿ ಅವಳಿಗೆ 'ಒಣಮೆಣಸಿನಕಾಯಿ' ಎಂದು ಅಡ್ಡಹೆಸರು. ಯಾವ ಪಾತ್ರೆಯನ್ನೂ ಮೂರು ಸಲ ಒಣಗಿಸದೆ ಮುಟ್ಟುವವಳಲ್ಲ, ಮಾತೂ ಅಷ್ಟೇ ಖಾರ. ಹೆಸರಿಟ್ಟವರದ್ದೇನೂ ತಪ್ಪಿಲ್ಲ ಬಿಡಿ.

ಆದರೆ ಅವಳ ಸಂಕಟವೂ ಸಣ್ಣದಲ್ಲ. ಕಮಟು ವಾಸನೆಯ ಒಂದು ದ್ರವದ ಪುಟ್ಟ ಪುಟ್ಟ ಅಣುಗಳನ್ನು ಸಾಲಾಗಿ ಪೋಣಿಸಿ ಪ್ಲಾಸ್ಟಿಕ್ಕಿನ ಸರ ಮಾಡುವುದು ಅವಳ ಕೆಲಸ. ಪ್ರತಿ ಅಣುವಿಗೂ ಪಕ್ಕಕ್ಕೆ ಚಾಚಿದ ಒಂದು ಜುಟ್ಟು; ಎಲ್ಲವೂ ಒಂದೇ ಕಡೆ ತಿರುಗಿರಬೇಕು. ಆ ಜುಟ್ಟಿನಲ್ಲಿರುವ ನೈಟ್ರೋಜನ್ ಪೋಣಿಸಲು ಬಳಸುವ ಬೇರೆ ಲೋಹಗಳ ವೇಗವರ್ಧಕವನ್ನು ಗಟ್ಟಿಯಾಗಿ ಹಿಡಿದು ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಯಿಟ್ರಿಯಮ್ ಎಂಬ ಅಪರೂಪದ ಲೋಹ ಮಾತ್ರ ಆ ಹಿಡಿತಕ್ಕೆ ಜಗ್ಗಿರಲಿಲ್ಲ. ಅದಕ್ಕೊಂದೇ ಶತ್ರು... ತೇವ.

ಒಂದೇ ಒಂದು ಸಲ ಸರ ಅಚ್ಚುಕಟ್ಟಾಗಿ ಬಂದಿತ್ತು. ಆಮೇಲೆ ಇಲ್ಲ. 'ಶನಿವಾರದೊಳಗೆ ಇನ್ನೆರಡು ಸಲ ಬರಬೇಕು, ಇಲ್ಲದಿದ್ದರೆ ನಿನ್ನ ಪ್ರಬಂಧದಿಂದ ಆ ಅಧ್ಯಾಯ ಕಿತ್ತುಹಾಕು' ಎಂದಿದ್ದರು ಗೈಡ್ ಮೇಡಂ. ಆ ಅಧ್ಯಾಯ ಹೋದರೆ ಉಳಿಯುವುದು ರಟ್ಟು ಮಾತ್ರ. ನಾಲ್ಕು ವರ್ಷ ನೀರಿನಲ್ಲಿ ಹೋಮ.

ಸಿಟ್ಟಿನಲ್ಲಿ ಅವಳು ಮೇಡಂಗೆ ಪತ್ರವನ್ನೂ ಬರೆದಳು: ಹೊಸ ಗಾಜಿನವರ ಕೆಲಸ ಸರಿಯಿಲ್ಲ.

ಪತ್ರದ ಸುದ್ದಿ ಅವನಿಗೂ ತಲುಪಿತು. ತಾನು ಮಾಡಿದ ಹತ್ತೊಂಬತ್ತು ಫ್ಲಾಸ್ಕನ್ನೂ ವಾಪಸ್ ತರಿಸಿಕೊಂಡು ಒಂದೊಂದಾಗಿ ಪರೀಕ್ಷಿಸಿದ. ಗುರುವಾರ ಬೆಳಗ್ಗೆ ಒಂದು ಬಟ್ಟಲು ಸಾಬೂನು ನೀರು ಹಿಡಿದು ಅವಳ ಲ್ಯಾಬಿಗೇ ಬಂದ.

"ಗಾಜು ಸೋರ್ತಿಲ್ಲ. ನೀವು ಕೆಲಸ ಮಾಡೋ ಪೆಟ್ಟಿಗೆ ನೋಡ್ಬಹುದಾ?"

ಗಾಳಿ, ತೇವ ಎರಡೂ ಇಲ್ಲದ ಗಾಜಿನ ಪೆಟ್ಟಿಗೆ ಅದು. ಅದಕ್ಕೆ ಜೋಡಿಸಿದ ದಪ್ಪ ರಬ್ಬರಿನ ಕೈಗವಸುಗಳೊಳಗೆ ಕೈ ತೂರಿಸಿ ಕೆಲಸ ಮಾಡಬೇಕು. ಒಳಗೆ ತುಂಬಿದ ಒಣ ಅನಿಲದ ಒತ್ತಡಕ್ಕೆ ಅವು ಹೊರಗೆ ಉಬ್ಬಿ ನಿಂತಿದ್ದವು. ಅವನು ಬೆರಳು ಬೆರಳಿಗೂ ಸಾಬೂನು ನೀರು ಸವರಿದ.

ಎಡಗೈಯ ಉಂಗುರದ ಬೆರಳಿನ ಮೇಲೆ ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು.

ಅವಳು ತನ್ನ ಎಡಗೈ ನೋಡಿಕೊಂಡಳು. ಎರಡು ತಿಂಗಳ ಹಿಂದೆ ಅಜ್ಜಿ ತೊಡಿಸಿದ ಹರಳಿನುಂಗುರ. ಬಿಗಿಯಾಗಿದ್ದರಿಂದ ತೆಗೆಯಲಾಗದೆ, ತೆಳುವಾದ ಹತ್ತಿಯ ಗವಸು ಹಾಕಿಕೊಂಡರೆ ಸಾಕೆಂದುಕೊಂಡಿದ್ದಳು. ಉಂಗುರ ತೆಗೆಯದೆ ಈ ಪೆಟ್ಟಿಗೆಗೆ ಕೈ ಹಾಕಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳೂ ಅವಳೇ!

ಛೇ... ಇವರ ಮೇಲೆ ಪತ್ರ ಬರೆದೆನಲ್ಲ... ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಕೈ ಕೊಡಿ," ಎಂದ ಅವನು. ಬೆರಳಿಗೆ ಅದೇ ಸಾಬೂನು ಹಚ್ಚಿ, ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಕೇಳಿದ, "ಮದುವೆ ಯಾವಾಗ?"

"ಯಾರ ಮದುವೆ? ಇದು ಅಜ್ಜಿದು."

ಅವನ ಕೈ ಅರೆಗಳಿಗೆ ನಿಂತಿತು. ಉಂಗುರ ಜಾರಿ ಹೊರಬಂತು. ಅವನ ಮುಖದಲ್ಲಿ ಮೂಡಿದ ನಿರಾಳ ಅವಳ ಕಣ್ಣಿಗೆ ಬಿತ್ತು.

ಹೊಸ ಕೈಗವಸು ಹಾಕಿಸಿ, ಪೆಟ್ಟಿಗೆಯ ತೇವವೆಲ್ಲ ಇಳಿದ ಮೇಲೆ ಶುಕ್ರವಾರ ಅವನ ಫ್ಲಾಸ್ಕಿನಲ್ಲೇ ಪ್ರಯೋಗ ಶುರುವಾಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಸರಗಳನ್ನು ಪರೀಕ್ಷಿಸಿದ ಎರಡು ಗ್ರಾಫುಗಳು ಬಂದವು. ಕೆಟ್ಟ ಸರಗಳಲ್ಲಿ ಕಾಣುತ್ತಿದ್ದ ಗುಡ್ಡದಂಥ ಉಬ್ಬಿಲ್ಲ. ಎರಡರಲ್ಲೂ ಚೂಪಾದ ಒಂದೇ ಗೆರೆ. ಜುಟ್ಟುಗಳೆಲ್ಲ ಒಂದೇ ಕಡೆ.

ಮೇಡಂ ಸಹಿ ಹಾಕಿದರು. ಅವಳು ತನ್ನ ಪತ್ರವನ್ನು ಕೇಳಿ ವಾಪಸ್ ಪಡೆದು, ತಪ್ಪು ತನ್ನದೆಂದು ಬರೆದುಕೊಟ್ಟಳು. ಮೆಟ್ಟಿಲಿಳಿಯುವಾಗ ಕಾಲುಗಳೇ ಹಗುರವಾಗಿದ್ದವು. ನೇರ ಗಾಜಿನ ಕೋಣೆಗೆ ಹೋದಳು.

"ಬಂತು. ಎರಡೂ ಬಂತು," ಎಂದವಳಿಗೆ ಅಳು ಉಕ್ಕಿತು. "ನನ್ಮೇಲೆ ಸಿಟ್ಟು ಬರ್ಲಿಲ್ವಾ ನಿಮ್ಗೆ?"

"ಬಂತು. ಆದ್ರೆ ಸಿಟ್ಟಲ್ಲಿ ಊದಿದ್ರೆ ಗಾಜು ಸೊಟ್ಟಗಾಗುತ್ತೆ. ಅದಕ್ಕೇ ದಿನಾ ಬೆಳಗ್ಗೆ ಸಿಟ್ಟನ್ನ ಬಿಟ್ಬಿಡ್ತಿದ್ದೆ." ಅವನು ತಲೆ ತಗ್ಗಿಸಿದ. "ಮೊದಲ ದಿನಾನೇ ಇಷ್ಟ ಆದ್ರಿ. ಉಂಗುರ ನೋಡಿ ಬಾಯಿ ಮುಚ್ಕೊಂಡೆ."

ಅವಳು ಕಣ್ಣೊರೆಸಿಕೊಂಡಳು. ಈ ಸಲ ಹೇಳದೆಯೇ ಕುರ್ಚಿ ಎಳೆದು ಕೂತಳು.

"ಈಗ ಯಾಕೆ ಮುಚ್ಕೊಂಡಿದೀರಿ?"

"ನಿನ್ನೆ ಅಮ್ಮಂಗೆ ಹೇಳ್ದೆ. ನನ್ನ ಚೆನ್ನಾಗಿ ಬೈಯೋ ಹುಡುಗಿ ಒಬ್ರಿದಾರೆ, ಒಪ್ಪಿದ್ರೆ ಮನೆಗೆ ಕರ್ಕೊಂಡು ಬರ್ತೀನಿ ಅಂತ."

"ಅವರೇನಂದ್ರು?"

"ಸದ್ಯ, ಇನ್ನಾದ್ರೂ ನಂಗೆ ರಜ ಸಿಗುತ್ತೆ ಅಂದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ವಾರಗಳ ಮೇಲೆ ಮನಸಾರೆ ನಕ್ಕಳು.

"ನಾಳೆ ಭಾನುವಾರ," ಎಂದಳು. "ಎಷ್ಟು ಗಂಟೆಗೆ ಬರ್ಲಿ?"